ಕತ್ತರಿ ವಿಮಾನ ಹತ್ತಿದ್ದು

"ನಾನು ಹಾಕಿದ ಹೊಲಿಗೆ ಬಿಚ್ಚೋ ಪ್ರಾಣಿ ಇನ್ನೂ ಈ ಭೂಮಿ ಮೇಲೆ ಹುಟ್ಟಿಲ್ಲ. ನನ್ನ ಅಂಗಡಿ ಬಾಗಿಲು ದಾಟಿದ ಬಟ್ಟೆ ಇವತ್ತಿನವರೆಗೆ ವಾಪಸ್ ಬಂದಿದ್ದೂ ಇಲ್ಲ!"

ದರ್ಜಿ ಈ ಮಾತನ್ನು ಯಂತ್ರದ ಗಡಗಡ ಸದ್ದನ್ನೂ ಮೀರಿಸುವ ಗಂಟಲಲ್ಲಿ ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಪೂರ್ತಿ ಸುಳ್ಳೂ ಅಲ್ಲ ಅನ್ನಿ. ಅವನು ಹಾಕಿದ ಗುಂಡಿಯನ್ನು ಎಳೆದರೆ ಬಟ್ಟೆ ಹರಿಯುತ್ತಿತ್ತು, ಇನ್ನೂ ಎಳೆದರೆ ಒಳಗಿದ್ದ ಮನುಷ್ಯನೇ ಹರಿಯುತ್ತಿದ್ದ, ಗುಂಡಿ ಮಾತ್ರ ಇದ್ದಲ್ಲೇ ಇರುತ್ತಿತ್ತು. ಒಮ್ಮೆ ಅವನು ಹೊಲಿದ ಚೀಲದ ಪಟ್ಟಿ ಹೊರಟ ಬಸ್ಸಿನ ಬಾಗಿಲಿಗೆ ಸಿಕ್ಕಿಕೊಂಡಿತಂತೆ. ಪಟ್ಟಿ ಕಿತ್ತು ಬರಲಿಲ್ಲ, ಬಸ್ಸೇ ನಿಂತಿತಂತೆ.

ಇಂಥ ದರ್ಜಿಗೆ ಒಬ್ಬಳೇ ಮಗಳು. ತಾಯಿಯ ಮುಖ ಅವಳಿಗೆ ನೆನಪಿಲ್ಲ. ಎತ್ತಿ ಆಡಿಸಿ ಬೆಳೆಸಿದವಳು ಸೋದರತ್ತೆ. ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಕೂತು ಗುಂಡಿತೂತಿನ ಕೆಲಸ ಮಾಡುವವಳು. ಮಗಳು ಅಕ್ಷರ ಕಲಿತದ್ದು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಚೂರುಬಟ್ಟೆಯ ರಾಶಿಯ ಮೇಲೆ. ಮಾತು ಕಲಿತದ್ದೂ ಅಲ್ಲೇ. ಆ ನಾಲಿಗೆ ಎಷ್ಟು ಹರಿತವಾಗಿತ್ತೆಂದರೆ, ಕೂಲಿ ಚೌಕಾಸಿ ಮಾಡಲು ಬಂದ ಗಿರಾಕಿಗಳು ಮೇಜಿನ ಕೆಳಗೆ ಇಣುಕಿ ನೋಡಿ, ಅವಳಿಲ್ಲ ಅಂತ ಖಾತ್ರಿಯಾದ ಮೇಲೇ ಬಾಯಿ ತೆರೆಯುತ್ತಿದ್ದರು. ಇಡೀ ಬೀದಿ ಅವಳನ್ನು ಕರೆದದ್ದು 'ಕತ್ತರಿ' ಅಂತ.

ಕತ್ತರಿ ಕಾಲೇಜಿನಲ್ಲಿ ಆರಿಸಿಕೊಂಡದ್ದು ಊರಿನ ಕಸವನ್ನು ವಿಂಗಡಿಸಿ ಮತ್ತೆ ಉಪಯೋಗಕ್ಕೆ ತರುವ ವಿದ್ಯೆಯನ್ನು. ಅದರಲ್ಲಿ ಅವಳು ಮುಂದಿದ್ದಳೆಂದು ಕಾಲೇಜಿನವರು ಒಂದು ಸೆಮಿಸ್ಟರ್ ಹೊರದೇಶದಲ್ಲಿ ಓದಲು ಕಳಿಸುವುದಾಗಿ ಹೇಳಿದರು.

"ಕಸ ಕಲಿಯೋಕೆ ವಿಮಾನ ಹತ್ತಬೇಕಾ?" ಎಂದಳು ಅತ್ತೆ. "ಮನೇಲಿ ಒಂದು ದಿನ ಪೊರಕೆ ಹಿಡಿದವಳಲ್ಲ ನೀನು."

"ಅದಕ್ಕೇ ಅತ್ತೆ, ಇಲ್ಲಿಂದ ಶುರು ಮಾಡಿದ್ರೆ ಒಂದು ಸೆಮಿಸ್ಟರ್ ಸಾಲಲ್ಲ."

ಕರಾರು ಒಂದೇ. ಸೋಮವಾರ ಬೆಳಿಗ್ಗೆ ಅಲ್ಲಿನ ಮೊದಲ ಹಾಜರಿಗೆ "ಇದ್ದೇನೆ" ಅನ್ನಬೇಕು. ಅನ್ನದಿದ್ದರೆ ಆ ಜಾಗ ಕಾಯುತ್ತಿರುವ ಇನ್ನೊಬ್ಬರಿಗೆ. ಶನಿವಾರದ ವಿಮಾನ ಹಿಡಿದರೆ ಹಾಜರಿ, ತಪ್ಪಿದರೆ ಮೇಜಿನ ಕೆಳಗಿನ ಚೂರುಬಟ್ಟೆ.

ಚಳಿಯ ದೇಶವೆಂದು ಅಪ್ಪ ಕೋಟು ಹೊಲಿಯಲು ಕೂತ. ಕೋಟು ಅಂದರೆ ಕೋಟೆ ಅನ್ನಿ. ಕರಡಿ ಕಂಡರೆ ನೆಂಟಸ್ತನ ಬೆಳೆಸಲು ಬರಬೇಕು, ಹಾಗಿತ್ತು. ಹೊರಡುವ ದಿನ ಹತ್ತಿರ ಬಂದಂತೆಲ್ಲ ಅವನ ಬಡಾಯಿ ಕಡಿಮೆಯಾಗುತ್ತ, ಯಂತ್ರದ ಸದ್ದೊಂದೇ ಉಳಿಯಿತು. ಶನಿವಾರ ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋದಾಗಲೂ ಅವನು ಕೋಟು ತೊಡೆಯ ಮೇಲೆ ಹಾಕಿಕೊಂಡು ಕೈಯಲ್ಲಿ ಏನೋ ಹೊಲಿಯುತ್ತಿದ್ದ.

ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾವಲಿನವನು ಕೈ ಚಾಚಿದ. ಕತ್ತರಿ ಕೈಚೀಲದಿಂದ ಟಿಕೆಟ್ಟಿನ ಜೊತೆ ಪಾಸ್‌ಪೋರ್ಟಿನ ಕವರು ತೆಗೆದು ಕೊಟ್ಟಳು. ಅವನು ಕವರು ಬಿಚ್ಚಿ ನೋಡಿ, ತಿರುಗಿಸಿ ನೋಡಿ, ಗಟ್ಟಿಯಾಗಿ ಓದಿದ.

"ಎದೆ ನಲವತ್ತು, ತೋಳು ಇಪ್ಪತ್ತಮೂರು. ಇದು ಯಾವ ದೇಶದ ಪಾಸ್‌ಪೋರ್ಟಮ್ಮ?"

ಕವರಿನೊಳಗೆ ಇದ್ದದ್ದು ಅಳತೆ ಬರೆದ ರಟ್ಟಿನ ತುಂಡು.

ಕತ್ತರಿ ಕೈಚೀಲವನ್ನೇ ತಲೆಕೆಳಗು ಮಾಡಿ ಕೊಡವಿದಳು. ಹಿಂದೆ ನಿಂತಿದ್ದ ದರ್ಜಿ ಮಾತ್ರ ಚಪ್ಪಾಳೆ ತಟ್ಟಿದ. "ನೋಡಿದ್ರಾ! ಸಾಹೇಬ್ರೇ ಮೋಸ ಹೋದ್ರು! ಇನ್ನು ಕಳ್ಳ ಯಾವ ಲೆಕ್ಕ?"

"ಅಪ್ಪಾ, ಪಾಸ್‌ಪೋರ್ಟ್ ಎಲ್ಲಿ?"

"ಭದ್ರವಾಗಿದೆ ಕಣಮ್ಮ. ಕೋಟಿನ ಅಸ್ತರಿನ ಒಳಗಿಟ್ಟು ಹೊಲಿದುಬಿಟ್ಟಿದೀನಿ."

"ಇಲ್ಲೇ ತೋರಿಸ್ಬೇಕಲ್ಲಪ್ಪ!"

"ಇಲ್ಯಾಕೆ? ಇಲ್ಲಿಯವಳೇ ಅಲ್ವಾ ನೀನು? ಅಲ್ಲಿಗೆ ಹೋದ್ಮೇಲೆ ತಾನೇ ಯಾರು ಅಂತ ಕೇಳೋದು?"

ತರ್ಕದಲ್ಲಿ ತಪ್ಪು ಹುಡುಕಲು ಕಾವಲಿನವನಿಗೂ ಒಂದು ಕ್ಷಣ ಬೇಕಾಯಿತು. ಆಮೇಲೆ ಅವನು ತಲೆಯಾಡಿಸಿದ. "ಪಾಸ್‌ಪೋರ್ಟ್ ಇಲ್ದೆ ಒಳಗೆ ಬಿಡಕ್ಕಾಗಲ್ಲ. ಪಕ್ಕಕ್ಕೆ ಬನ್ನಿ. ಬೇಗ ಮಾಡಿ, ನಿಮ್ಮ ವಿಮಾನದ ಕೌಂಟರ್ ಇನ್ನೇನು ಮುಚ್ತಾರೆ."

ಅಪ್ಪ, ಮಗಳು, ಕಳಿಸಿಕೊಡಲು ಬಂದಿದ್ದ ಅತ್ತೆ ಮೂವರೂ ಪಕ್ಕದ ಕಂಬದ ಬಳಿ ಕೋಟನ್ನು ಸೂಟ್‌ಕೇಸಿನ ಮೇಲೆ ಅಂಗಾತ ಮಲಗಿಸಿದರು. ದರ್ಜಿ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದ. ಕತ್ತರಿ ಇಲ್ಲ. ಇಟ್ಟುಕೊಂಡು ಹೋದರೆ ಹಿಡಿದು ಒಳಗೆ ಹಾಕುತ್ತಾರೆಂದು ಮನೆಯಲ್ಲೇ ಅತ್ತೆ ಅವನ ಜೇಬು ತಡಕಿ, ಕತ್ತರಿ, ಬ್ಲೇಡು, ಕೊನೆಗೆ ಸೂಜಿಯನ್ನೂ ಕಿತ್ತಿಟ್ಟಿದ್ದಳು. ಬುದ್ಧಿ ಬಂದಾಗಿನಿಂದ ಅವನು ಬರಿಗೈಯಲ್ಲಿ ಮನೆ ಬಿಟ್ಟದ್ದು ಅದೇ ಮೊದಲು.

ಉಗುರಲ್ಲಿ ಎಳೆದ. ಹಲ್ಲಲ್ಲಿ ಕಚ್ಚಿದ. ಸವಾರಿ ಇಳಿಸಿ ನಿಂತಿದ್ದ ಟ್ಯಾಕ್ಸಿಯವನು ಕನಿಕರದಿಂದ ಬೀಗದ ಕೈ ಕೊಟ್ಟ. ಅದರ ಮೂತಿ ಸೊಟ್ಟಗಾಯಿತು.

"ಮೂರು ಸಾಲು," ಎಂದ ದರ್ಜಿ. ಅರ್ಧ ಅಳು, ಅರ್ಧ ಹೆಮ್ಮೆ. "ಮೇಣ ಹಚ್ಚಿದ ದಾರ. ನನ್ ಕೈಲೂ ಆಗಲ್ಲ."

ಅತ್ತೆ ತಮ್ಮನ ಮುಖವನ್ನೇ ನೋಡಿದಳು. "ನಿಜ ಹೇಳೋ. ಅವಳು ಹೋಗ್ಬಾರ್ದು ಅಂತಲೇ ಹೊಲಿದ್ಯಾ?"

ದರ್ಜಿ ತಲೆ ತಗ್ಗಿಸಿದ. ಅಂಥದ್ದನ್ನು ಬೀದಿಯವರು ಕಂಡಿದ್ದರೆ ವೈದ್ಯರನ್ನು ಕರೆಸುತ್ತಿದ್ದರು. ಅವನು ಕೋಟನ್ನು ಸವರುತ್ತ, "ಗೊತ್ತಿಲ್ಲ ಕಣಕ್ಕ. ಒಂದು ಸಾಲು ಸಾಕಿತ್ತು. ನಿಲ್ಸೋಕೆ ಮನಸ್ಸು ಬರ್ಲಿಲ್ಲ" ಎಂದ.

ಕತ್ತರಿ ಅತ್ತೆಯ ಚೀಲದ ಕಡೆ ಕೈ ಚಾಚಿದಳು. ಜಿಪ್ಪು ಕೆಟ್ಟು ಎಷ್ಟೋ ಕಾಲವಾಗಿದ್ದ ಆ ಚೀಲದ ಬಾಯಿ ನಿಂತಿದ್ದದ್ದು ಒಂದು ಪಿನ್ನಿನ ಮೇಲೆ. ಅದನ್ನು ತೆಗೆದು ನೆಟ್ಟಗೆ ಮಾಡಿ, ಮಂಡಿಯೂರಿ ಕೂತಳು. ನಡುವೆ ಎಲ್ಲೂ ಕೆದಕಲಿಲ್ಲ. ಬೆರಳಲ್ಲಿ ಸವರಿಕೊಂಡು ಹೊಲಿಗೆಯ ಮೂಲೆಗೆ ಹೋದಳು. ಮೂಲೆ ತಿರುಗುವಾಗ ಅಪ್ಪ ತಲೆಯೆತ್ತಿ ಯಾರಿಗಾದರೂ ಏನಾದರೂ ಹೇಳುತ್ತಾನೆ. ಅಲ್ಲಿ ಒಂದು ಹೊಲಿಗೆ ಸಡಿಲವಾಗಿಯೇ ಇರುತ್ತದೆ. ಇತ್ತು. ಪಿನ್ನು ಒಳಗೆ ಹೋಯಿತು, ದಾರ ಮೇಲೆ ಬಂತು. ಆಮೇಲೆ ಬಟಾಣಿ ಸುಲಿದಂತೆ ಒಂದು ಸಾಲು, ಎರಡು ಸಾಲು, ಮೂರು ಸಾಲು.

ದರ್ಜಿ ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡುತ್ತಿದ್ದ. "ಇದೆಲ್ಲಿ ಕಲಿತೆ?"

"ಎಲ್ಲಿ ಕಲೀತಾಳೆ?" ಎಂದಳು ಅತ್ತೆ. "ನೀನು ಮಧ್ಯಾಹ್ನ ಗೊರಕೆ ಹೊಡೀತಿದ್ದಾಗ ಗಿರಾಕಿಗಳು ಹಿಂದಿನ ಬಾಗಿಲಿಗೆ ಬರ್ತಿದ್ರು. ಇವಳು ಮೇಜಿನ ಕೆಳಗೆ ಕೂತು ಬಿಚ್ಚೋಳು, ನಾನು ಮತ್ತೆ ಹೊಲೀತಿದ್ದೆ. ಇಷ್ಟು ವರ್ಷ ಅಂಗಡಿ ಹ್ಯಾಗೆ ನಡೀತು ಅಂದ್ಕೊಂಡೆ?"

"ನನ್ನ ಬಟ್ಟೆ... ವಾಪಸ್ ಬರ್ತಿತ್ತಾ?"

ಕತ್ತರಿ ಪಾಸ್‌ಪೋರ್ಟ್ ಎಳೆದು ತೆಗೆದಳು. "ಬರ್ತಿತ್ತಪ್ಪ. ಆದ್ರೆ ಅಳತೆ ತಪ್ಪಿ ಬಂದಿದ್ದು. ಹೊಲಿಗೆ ಬಿಟ್ಟಿದೆ ಅಂತ ಒಂದೂ ಬಂದಿಲ್ಲ."

ಅದು ನಿಜವೂ ಆಗಿತ್ತು. ದರ್ಜಿ ಆ ನಿಜವನ್ನು ಹಿಡಿದುಕೊಂಡು ಎದ್ದು ನಿಂತ, ಮೂಗು ಒರೆಸಿಕೊಂಡ, ಸೂಟ್‌ಕೇಸನ್ನು ತಾನೇ ಬಾಗಿಲವರೆಗೆ ತಳ್ಳಿದ. "ಏನು ನಿಂತಿದೀಯ? ಓಡು! ವಿಮಾನ ಏನು ನಿಮ್ಮಪ್ಪಂದಾ?"

ಕೌಂಟರಿನ ಹುಡುಗಿ ದೀಪ ಆರಿಸಲು ಕೈ ಎತ್ತಿದ್ದಳು. ಅಸ್ತರನ್ನು ಬಾಲದಂತೆ ಎಳೆದುಕೊಂಡು ಓಡಿ ಬಂದ ಕೋಟನ್ನು ಕಂಡು ಆ ಕೈಯನ್ನು ಕೆಳಗಿಳಿಸಿದಳು.

ವಿಮಾನದಲ್ಲಿ ಕತ್ತರಿಗೆ ಸಿಕ್ಕ ಸೀಟು ಎಷ್ಟು ಇಕ್ಕಟ್ಟಾಗಿತ್ತೆಂದರೆ ಅಳತೆ ತೆಗೆದವನು ಅಪ್ಪನೇ ಇರಬೇಕು ಅನ್ನಿಸಿತು. ನಗು ಬಂತು, ಹಿಂದೆಯೇ ಅಳುವೂ ಬಂತು. ಎರಡೂ ಮುಗಿದ ಮೇಲೆ ನಿದ್ದೆ ಬಂತು.

ಇಳಿದ ಊರಿನಲ್ಲಿ ಗಾಳಿಗೆ ಹಲ್ಲಿತ್ತು. ಹಾಸ್ಟೆಲಿನ ಕೋಣೆಯಲ್ಲಿ ಕಿರಿದಾದ ಮಂಚ, ಗೋಡೆಗೆ ಒರಗಿದ ಮೇಜು, ಸಾಲಾಗಿ ನಿಂತ ಸೈಕಲ್ಲುಗಳ ಕಡೆ ತೆರೆಯುವ ಕಿಟಕಿ. ಪಕ್ಕದ ಕೋಣೆಯ ಹುಡುಗಿಯಿಂದ ಸೂಜಿದಾರ ಕೇಳಿ ತಂದು, ಭಾನುವಾರ ಸಂಜೆ ಮಂಚದ ಮೇಲೆ ಕಾಲು ಮಡಚಿ ಕೂತು ಅಸ್ತರು ಹೊಲಿದುಕೊಂಡಳು. ಸೋಮವಾರ ಬೆಳಿಗ್ಗೆ ಮೇಷ್ಟ್ರು ಅವಳ ಹೆಸರನ್ನು ನಾಲ್ಕು ತುಂಡು ಮಾಡಿ ಕೂಗಿದರು. ಕತ್ತರಿ ಆ ತುಂಡುಗಳನ್ನೆಲ್ಲ ಕೂಡಿಸಿಕೊಂಡು "ಇದ್ದೇನೆ" ಎಂದಳು. ದನಿ ಸ್ವಲ್ಪ ಜೋರಾಯಿತು. ಹಿಂದಿನ ಬೆಂಚಿನವರೂ ತಿರುಗಿ ನೋಡಿದರು.

ಆ ಸಂಜೆ ಅಪ್ಪನ ಫೋನು ಬಂತು.

"ಹಾಜರಿ ಆಯ್ತಾ?"

"ಆಯ್ತಪ್ಪ. ಅಂಗಡಿ ಹ್ಯಾಗಿದೆ?"

"ಈಗ ಒಂದು ಬಟ್ಟೇನ ಎರಡೆರಡು ಸಲ ಅಳೀತಿದೀನಿ. ನಿಮ್ಮತ್ತೆ ಹಿಂದಿನ ಬಾಗಿಲಿಗೆ ಬೀಗ ಹಾಕಿದಾಳೆ." ದರ್ಜಿ ಗಂಟಲು ಸರಿಮಾಡಿಕೊಂಡ. "ಅದಿರ್ಲಿ, ಪಾಸ್‌ಪೋರ್ಟ್ ಎಲ್ಲಿಟ್ಟಿದೀಯ?"

"ಜೇಬಲ್ಲಿ."

"ಬರೀ ಜೇಬಲ್ಲಾ? ಕಳ್ಳರು ಎಲ್ಲಾ ದೇಶದಲ್ಲೂ ಇರ್ತಾರೆ ಕಣೇ! ಹೊಲಿದುಬಿಡು."

"ಬೇಡಪ್ಪ," ಎಂದಳು ಕತ್ತರಿ. "ವಾಪಸ್ ಬರೋವಾಗ್ಲೂ ತೋರಿಸ್ಬೇಕು."