ರುಕ್ಮಿಣೀಬಾಯಿಯವರ ತುಳಸಿ ಮಾಲೆ

ಇಂಡಿ ಪಟ್ಟಣದ ರುಕ್ಮಿಣೀಬಾಯಿ ಮಕ್ಕಳಿಗೆ ಮಗ್ಗಿ ಕಲಿಸಿದ್ದಕ್ಕಿಂತ ಗಂಡಸರಿಗೆ ಕುಡಿತ ಬಿಡಿಸಿದ್ದೇ ಹೆಚ್ಚು ಎಂದು ಓಣಿಯವರು ನಗುತ್ತಿದ್ದರು. ಹತ್ತಿರದ ಸಾಲೋಟಗಿಯ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಅವರು, ಪ್ರತಿ ಆಷಾಢ ಏಕಾದಶಿಗೆ ಒಬ್ಬಿಬ್ಬರು ಕುಡುಕರನ್ನು ಹಿಡಿದು ತಂದು, ವಿಠ್ಠಲನ ಎದುರು ನಿಲ್ಲಿಸಿ ಕೊರಳಿಗೆ ತುಳಸಿ ಮಾಲೆ ಹಾಕಿಸುತ್ತಿದ್ದರು. ಮಾಲೆ ಹಾಕಿಕೊಂಡವನು ಸಾರಾಯಿ ಮುಟ್ಟುವಂತಿಲ್ಲ. ಮುಟ್ಟಿದರೆ ಪಂಢರಪುರದ ದೇವರಿಗೇ ಮಾತು ತಪ್ಪಿದಂತೆ. ಹಲವರು ನಿಜವಾಗಿಯೂ ಬಿಟ್ಟಿದ್ದರು. ಬಾಯಿಯವರಿಗೆ ಅದರ ಜಂಭವೂ ಇತ್ತು, ಸುಳ್ಳೇಕೆ ಹೇಳಬೇಕು.

1998ರ ಏಕಾದಶಿಗೆ ಎದುರುಮನೆಯ, ಗಾರೆ ಕೆಲಸದ ಗೌಂಡಿ ಸಿದ್ರಾಮನ ಸರದಿ ಬಂತು. ಬೆಳಗಾಗುತ್ತಲೇ ಸಾರಾಯಿ ಪಾಕೀಟು ಹರಿದು ಗಂಟಲಿಗೆ ಸುರುವಿಕೊಳ್ಳದಿದ್ದರೆ ಅವನ ಕೈ ಕರಣಿ ಹಿಡಿಯುತ್ತಿರಲಿಲ್ಲ, ಅಷ್ಟು ನಡುಗುತ್ತಿತ್ತು. ಆ ದಿನ ಮಾಲೆ ಹಾಕಿಕೊಂಡು, 'ಇನ್ನ ಹನಿ ಮುಟ್ಟಂಗಿಲ್ರಿ' ಎಂದು ಅತ್ತ. ಹೆಂಡತಿ ಕಸ್ತೂರೆವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು.

ಮೂರನೇ ದಿನ ಮುಂಜಾನೆ ಅವನ ಮೈಯೆಲ್ಲ ಗಡಗಡ ಅಲುಗತೊಡಗಿತು. ಬೆವರು ಧಾರಾಕಾರ. ಇಲ್ಲದ ಇರುವೆಗಳನ್ನು ಮೈಯಿಂದ ಕೊಡವಿಕೊಳ್ಳುತ್ತ ಕೂಗಾಡಿದ. ಕಸ್ತೂರೆವ್ವ ಓಡಿ ಬಂದಳು.

'ಬಾಯಾರ, ದವಾಖಾನಿಗೆ ಒಯ್ಯೂಣೇನ್ರಿ? ಜೀವ ಹೋಗೂವಂಗ ಕಾಣತೈತಿ.'

'ಕೊರಳಾಗ ಮಾಲಿ ಅದ, ಏನೂ ಆಗೂದಿಲ್ಲ. ಒಳಗಿನ ವಿಷ ಹೊರಗ ಹೊಂಟದ. ಇನ್ನೆರಡು ದಿನ ಗಟ್ಟಿ ಹಿಡಿ.'

ತಾವೇ ಹೋಗಿ ಅವನ ಪಕ್ಕ ಕುಳಿತು ವಿಠ್ಠಲನ ಅಭಂಗ ಹಾಡಿದರು. ಮಧ್ಯಾಹ್ನ ಸಿದ್ರಾಮನಿಗೆ ಫಿಟ್ಸ್ ಬಂತು. ಜೀಪು ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೇ ಒಳ್ಳೆಯದಿತ್ತು.

'ಇದು ಬರೇ ಚಟ ಅಲ್ರಿ, ರೋಗ. ವರ್ಷಗಟ್ಟಲೆ ಕುಡದ ಮೈಗೆ ಒಮ್ಮೆಲೇ ನಿಲ್ಲಿಸಿದ್ರ ಹಿಂಗಾಗತೈತಿ. ದವಾಖಾನ್ಯಾಗ ಇಟ್ಕೊಂಡು, ಗುಳಗಿ ಕೊಟ್ಟು ಬಿಡಸಬೇಕು. ಮುಂಜಾನೆ ತಂದಿದ್ರ ಉಳೀತಿದ್ದನೋ ಏನೋ.'

ಕುಡಿದು ಸತ್ತವರನ್ನು ಬಾಯಿಯವರು ಎಷ್ಟೋ ಕಂಡಿದ್ದರು. ಬಿಟ್ಟೂ ಸಾಯುತ್ತಾರೆಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಆಗಿನ ಬಾಯಿಯವರು ಕೇಳುತ್ತಿದ್ದರೇ? ಹೆಣದ ಕೊರಳಲ್ಲಿ ಮಾಲೆ ಹಾಗೇ ಇತ್ತು. ಅದನ್ನು ತೆಗೆಯುವ ಧೈರ್ಯವೂ ಅವರಿಗೆ ಬರಲಿಲ್ಲ.

ಆಮೇಲಿನ ಏಕಾದಶಿಗಳಲ್ಲಿ ಅವರು ಯಾರನ್ನೂ ಹುಡುಕಿಕೊಂಡು ಹೋಗಲಿಲ್ಲ. ತಾವಾಗಿ ಬಂದವರನ್ನು ಮೊದಲು ಡಾಕ್ಟರ ಹತ್ತಿರ ಕರೆದೊಯ್ದು ಕೂರಿಸುತ್ತಿದ್ದರು. ಹೀಗೆ ಉಳಿದವರೂ ಇದ್ದಾರೆ. ಮತ್ತೆ ಕುಡಿತಕ್ಕೆ ಬಿದ್ದು, ಮತ್ತೆ ಬಂದವರೂ ಇದ್ದಾರೆ. ಅವರನ್ನೂ ಬೈಯದೆ ಕರೆದೊಯ್ದರು.

2003ರಲ್ಲಿ, ಐದು ವರ್ಷ ಬಾಯಿಯವರ ಹೊಸ್ತಿಲು ತುಳಿಯದಿದ್ದ ಕಸ್ತೂರೆವ್ವ, ತನ್ನ ತಮ್ಮನನ್ನು ಎಳೆದುಕೊಂಡು ಬಂದಳು. ಅವನ ಕೈ ನಡುಗುತ್ತಿತ್ತು.

'ಇವಗೊಂದು ಮಾಲಿ ಹಾಕ್ರಿ ಬಾಯಾರ.'

'ಮಾಲಿ ಆಮ್ಯಾಲೆ ಕಸ್ತೂರಿ. ಮೊದಲ ದವಾಖಾನಿಗೆ ಹೋಗೋಣ ನಡಿ' ಎಂದು ಬಾಯಿಯವರು ಅವಸರದಲ್ಲಿ ಚಪ್ಪಲಿ ಮೆಟ್ಟಿದರು.

ಕಸ್ತೂರೆವ್ವ ನಿಂತಲ್ಲಿಂದ ಕದಲಲಿಲ್ಲ.

'ಅವತ್ತ ನಾನೂ ದವಾಖಾನಿಗೆ ಒಯ್ಯೂಣಂತನ ಕೇಳಿದ್ನೆಲ್ರಿ.'