ಒಂದೇ ಸಲ ಕೇಳುವ ಊರು

ಓರ್ಲಾ ಮಕ್‌ಗವರ್ನ್‌ಗೆ ಕೆನಡಾದಲ್ಲಿ ಉಳಿದಿದ್ದದ್ದು ಇನ್ನು ಏಳೇ ವಾರ. ಪಾಸ್‌ಪೋರ್ಟಿನೊಳಗೆ ಮಡಿಸಿಟ್ಟ ಪರವಾನಗಿ ಕಾಗದದಲ್ಲಿ ಮೇ ಇಪ್ಪತ್ತೊಂಬತ್ತು ಎಂದು ಅಚ್ಚಾಗಿತ್ತು. ಆ ಪರವಾನಗಿಯ ಹೆಸರು ‘ದುಡಿಮೆಯ ರಜೆ’. ಯಾವ ಪುಣ್ಯಾತ್ಮ ಈ ಹೆಸರಿಟ್ಟನೋ! ಎರಡು ವರ್ಷದಲ್ಲಿ ಓರ್ಲಾ ರಜೆ ಎಂಬುದನ್ನು ಕಂಡದ್ದು ಕೆಲಸ ಸಿಗದ ದಿನಗಳಲ್ಲಿ ಮಾತ್ರ. ಬಂದಾಗ ಮೂವತ್ತನಾಲ್ಕು, ಈಗ ಮೂವತ್ತಾರು. ಮೂವತ್ತೈದು ದಾಟಿದವರು ಇನ್ನೊಮ್ಮೆ ಅರ್ಜಿ ಹಾಕುವಂತಿಲ್ಲ. ಯಾವುದಾದರೂ ಕಂಪನಿ ‘ಈ ಕೆಲಸಕ್ಕೆ ಇವಳೇ ಬೇಕು’ ಎಂದು ಕಾಗದ ಕೊಟ್ಟರೆ ಉಂಟು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಐರ್ಲೆಂಡಿಗೆ ಹೋದರೇನು ಕಷ್ಟ ಎಂದು ನೀವು ಕೇಳಬಹುದು. ಲೀಟ್ರಿಮ್‌ನ ಮನೆಯಲ್ಲಿ ಅವಳ ಕೋಣೆ ಈಗ ಅಣ್ಣನ ಅವಳಿ ಮಕ್ಕಳದ್ದು. ಅದನ್ನಾದರೂ ಸಹಿಸಬಹುದು. ಒಂಬತ್ತು ವರ್ಷ ಅವಳ ಬೆರಳಿಗೆ ನಿಶ್ಚಿತಾರ್ಥದ ಉಂಗುರ ತೊಡಿಸಿ ಕಾಯಿಸಿದ ಡಿಕ್ಲನ್ ಕೊನೆಗೆ ಅವಳ ಚಿಕ್ಕಪ್ಪನ ಮಗಳನ್ನೇ ಮದುವೆಯಾಗಿ ಅಲ್ಲಿ ಅಂಗಡಿ ಇಟ್ಟಿದ್ದಾನೆ. ಊರಿಗೆಲ್ಲ ಅದೊಂದೇ ಅಂಗಡಿ. ಒಂದು ಪ್ಯಾಕೆಟ್ ಹಾಲು ಬೇಕೆಂದರೂ ಅವನ ಮುಂದೆಯೇ ಹೋಗಿ ನಿಲ್ಲಬೇಕು. ಆ ಹಾಲನ್ನು ನೆನೆದರೆ ಸಾಕು, ಟೊರಾಂಟೊದ ಬಸ್ಸಿನಲ್ಲಿ ಅವಳು ಇಳಿಯುವ ಸ್ಟಾಪನ್ನೇ ಮರೆಯುತ್ತಿದ್ದಳು.

ಅವಳದು ಬದಲಿ ಕೆಲಸ. ಬೆಳಿಗ್ಗೆ ಆರೂವರೆಗೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಆಫೀಸಿನ ಬೂಟುಗಳನ್ನು ಚೀಲದಲ್ಲಿಟ್ಟುಕೊಂಡು, ಫೋನಿನ ಪಕ್ಕ ಕೂರಬೇಕು. ಯಾರಿಗಾದರೂ ಮೈ ಸರಿಯಿಲ್ಲವೆಂದರೆ ಏಜೆನ್ಸಿಯ ಗ್ವೆನ್ ಫೋನ್ ಮಾಡಿ ವಿಳಾಸ ಹೇಳುತ್ತಾಳೆ. ಈ ಊರಲ್ಲಿ ಯಾರಿಗಾದರೂ ಜ್ವರ ಬರಲಿ ದೇವರೇ ಎಂದು ಬೇಡಿಕೊಳ್ಳುವ ಬಾಳು. ಬದಲಿಯವರು ತಮ್ಮ ಲೋಟ ತಾವೇ ತಂದು ಸಂಜೆ ತಾವೇ ಒಯ್ಯಬೇಕು. ಮೇಜಿನ ಮೇಲೆ ಏನೂ ಬಿಡಬಾರದು. ಹೋದ ಕಂಪನಿಯಲ್ಲಿ ತಾವಾಗಿ ಕೆಲಸ ಕೇಳುವುದಂತೂ ಕೂಡದೇ ಕೂಡದು. ಕೇಳಿದ್ದು ಗೊತ್ತಾದರೆ ಗ್ವೆನ್ ಮತ್ತೆ ಫೋನ್ ಮಾಡುವುದಿಲ್ಲ.

ಹೀಗೆ ಹದಿನಾಲ್ಕು ಕುರ್ಚಿಗಳಲ್ಲಿ ಕೂತೆದ್ದ ಮೇಲೆ ಹದಿನೈದನೆಯದು ಸಿಕ್ಕಿತ್ತು, ಟೊರಾಂಟೊದ ಅಂಚಿನ ಎಟೋಬಿಕೊದ ಒಂದು ಲಿಫ್ಟ್ ರಿಪೇರಿ ಕಂಪನಿಯಲ್ಲಿ. ಶೆಲ್ಲಿ ಎಂಬವಳು ಬಾಣಂತನದ ರಜೆಯಲ್ಲಿದ್ದಳು. ಕುರ್ಚಿಯ ಮೇಲೆ ಶೆಲ್ಲಿಯ ದಿಂಬು, ಮೇಜಿನ ಮೇಲೆ ಶೆಲ್ಲಿಯ ನಾಯಿಯ ಫೋಟೊ. ಓರ್ಲಾ ಅಲ್ಲಿ ಹನ್ನೊಂದು ತಿಂಗಳು ಕೂತಳು. ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಒಳಗಿನ ಗುಂಡಿ ಒತ್ತಿದರೆ ಕರೆ ಅವಳಿಗೆ ಬರುತ್ತಿತ್ತು. ಮೆಕ್ಯಾನಿಕ್‌ನನ್ನು ಕಳಿಸುವುದಷ್ಟೇ ಅವಳ ಕೆಲಸ. ಆದರೆ ಅವಳು ಅವನು ಬರುವವರೆಗೂ ಮಾತಾಡುತ್ತಿದ್ದಳು. ಹೆದರಿದವರಿಗೆ ತನ್ನ ಅಜ್ಜಿಯ ಹಸು ಇಗರ್ಜಿಯೊಳಗೆ ನುಗ್ಗಿದ ಕಥೆ ಹೇಳುತ್ತಿದ್ದಳು. ಲಿಫ್ಟಿನಿಂದ ಹೊರಬಂದವರು ಬೈಯಲು ಫೋನ್ ಮಾಡುವುದು ನಿಂತುಹೋಯಿತು. ಯಜಮಾನಿ ಡಾರ್ಲೀನ್‌ಗೆ ಇದು ತಿಳಿಯದೇನಲ್ಲ.

ಏಪ್ರಿಲ್‌ನ ಒಂದು ಗುರುವಾರ ಡಾರ್ಲೀನ್ ಕಾಫಿ ಹಿಡಿದು ಅವಳ ಮೇಜಿನ ಬಳಿ ಬಂದಳು.

“ಓರ್ಲಾ, ಶೆಲ್ಲಿ ವಾಪಸ್ ಬರಲ್ವಂತೆ. ಈ ಕೆಲಸಾನ ಖಾಯಂ ಆಗಿ ನೀನೇ ಮಾಡ್ತೀಯಾ? ಏಜೆನ್ಸಿ ಜೊತೆ ನಾನು ಮಾತಾಡ್ತೀನಿ. ನೀನು ಇಲ್ಲೇ ಉಳಿಯೋದಕ್ಕೆ ಬೇಕಾದ ಕಾಗದಾನೂ ಕೊಡ್ತೀವಿ.”

ಓರ್ಲಾಗೆ ಎದ್ದು ಡಾರ್ಲೀನ್‌ಳ ಕೊರಳು ತಬ್ಬಿಕೊಳ್ಳಬೇಕೆನ್ನಿಸಿತು. ಆದರೆ ಬಾಯಿ ತನ್ನ ಪಾಡಿಗೆ ತಾನು ಲೀಟ್ರಿಮ್‌ನ ಬಾಯಿಯೇ ಆಗಿತ್ತು.

“ಅಯ್ಯೋ ಬಿಡಿ ಡಾರ್ಲೀನ್, ನನಗ್ಯಾಕೆ ಅದೆಲ್ಲ! ನನಗಿಂತ ಚೆನ್ನಾಗಿ ಮಾಡೋರು ನಿಮಗೆ ನೂರು ಜನ ಸಿಗ್ತಾರೆ.”

ಅವಳ ಊರ ಕಡೆ ಯಾರು ಏನು ಕೊಟ್ಟರೂ ಮೊದಲು ಬೇಡ ಎನ್ನಬೇಕು. ಎರಡನೆಯ ಸಲವೂ ಬೇಡವೇ. ಮೂರನೆಯ ಸಲ ಒತ್ತಾಯ ಮಾಡಿದಾಗ, ‘ನೀವು ಇಷ್ಟು ಹೇಳ್ತೀರಿ ಅಂದ್ಮೇಲೆ’ ಎಂದು ಕೈ ಚಾಚಬೇಕು. ಮೊದಲ ಸಲಕ್ಕೇ ಹೂಂ ಎಂದವಳನ್ನು ಅವಳ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಓರ್ಲಾ ಎರಡನೆಯ ‘ಬೇಡ’ವನ್ನು ನಾಲಗೆಯ ತುದಿಯಲ್ಲಿ ಸಿದ್ಧ ಮಾಡಿಟ್ಟುಕೊಂಡು ಕಾದಳು.

“ಓ… ಹಾಗಾ,” ಎಂದಳು ಡಾರ್ಲೀನ್. ಮುಖ ಸ್ವಲ್ಪ ಬಾಡಿತು. “ಸರಿ, ನಿನ್ನಿಷ್ಟ. ಬಿಚ್ಚಿ ಹೇಳಿದ್ದು ಒಳ್ಳೇದಾಯ್ತು.” ಕಾಫಿ ಹಿಡಿದು ತನ್ನ ಕೋಣೆಗೆ ಹೊರಟುಹೋದಳು.

ಮಧ್ಯಾಹ್ನ ಕೇಳುತ್ತಾಳೆ ಎಂದುಕೊಂಡಳು ಓರ್ಲಾ. ಕೇಳಲಿಲ್ಲ. ಶುಕ್ರವಾರ ಸೋಡಾ ಹಾಕಿದ ಗೋಧಿ ಬ್ರೆಡ್ಡನ್ನು ಮನೆಯಲ್ಲೇ ಬೇಯಿಸಿ, ಬೆಣ್ಣೆಯ ಸಮೇತ ತಂದು ಡಾರ್ಲೀನ್‌ಳ ಮೇಜಿನ ಮೇಲಿಟ್ಟಳು. ಡಾರ್ಲೀನ್ ಎರಡು ಚೂರು ತಿಂದು, “ಎಷ್ಟು ಚೆನ್ನಾಗಿದೆ! ನೀನು ಹೋದ್ಮೇಲೆ ಇದನ್ನ ತುಂಬಾ ನೆನೆಸ್ಕೋತೀನಿ,” ಎಂದಳು. ಓರ್ಲಾ ಬೆಣ್ಣೆಯ ಡಬ್ಬಿ ಮುಚ್ಚಿದಳು. ಆದರೂ ವಾರಾಂತ್ಯ ಕಳೆಯಲಿ, ಸೋಮವಾರ ಕೇಳಿಯೇ ಕೇಳುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡಳು.

ಭಾನುವಾರ ಅವಳು ಗೆಳತಿ ಕ್ಲೋನಾಳ ಮನೆಗೆ ಹೋದಳು. ಕ್ಲೋನಾ ನರ್ಸು, ಐರ್ಲೆಂಡಿನಿಂದ ಬಂದು ಹತ್ತು ವರ್ಷವಾಗಿತ್ತು.

“ಟೀ ಕುಡೀತೀಯಾ?”

“ಬೇಡ ಕಣೇ, ಈಗಷ್ಟೇ ಆಯ್ತು.”

“ಅರ್ಧ ಲೋಟ?”

“ಬೇಡ ಬೇಡ, ನೀನು ಕೂತ್ಕೋ.”

“ನೀರು ಕಾಯ್ತಾ ಇದೆ, ಸುಮ್ನೆ ಕುಡಿ.”

“ಸರಿ, ನಿನಗೆ ಹೇಗೂ ಮಾಡ್ಕೋತೀಯಲ್ಲ.”

ಟೀ ಬಂತು. ಓರ್ಲಾ ಗುರುವಾರದ ವಿಷಯ ಹೇಳಿದಳು. ಕ್ಲೋನಾ ಲೋಟ ಕೆಳಗಿಟ್ಟಳು.

“ಎಷ್ಟು ಸಲ ಕೇಳಿದ್ಳು?”

“ಒಂದು.”

“ನೀನೇನಂದೆ?”

“ಏನನ್ನೋದು? ಎಲ್ಲರೂ ಅನ್ನೋ ಹಾಗೇ ಬೇಡ ಅಂದೆ.”

“ಅಯ್ಯೋ ನನ್ನ ತಾಯಿ! ಲೇ ಪೆದ್ದೀ, ಇಲ್ಲಿಯವರು ಒಂದೇ ಸಲ ಕೇಳೋದು! ಬೇಡ ಅಂದ್ರೆ ಬೇಡ ಅಂತಾನೇ ತಿಳ್ಕೋತಾರೆ. ಮತ್ತೆ ಕೇಳಿದ್ರೆ ನಿನ್ನ ಮಾತಿಗೆ ಬೆಲೆ ಕೊಡದೇ ಇದ್ದ ಹಾಗಂತೆ. ನಾನು ಬಂದ ವರ್ಷ ಕ್ರಿಸ್‌ಮಸ್ ದಿನ ಹೆಡ್ ನರ್ಸ್ ಮನೇಲಿ ಹಸ್ಕೊಂಡೇ ಎದ್ದು ಬಂದಿದ್ದೆ. ಅಷ್ಟು ದೊಡ್ಡ ಕೋಳಿ ಮುಂದೆ ಇತ್ತು!”

“ಅದು ಕೋಳಿ ಕಣೇ,” ಎಂದಳು ಓರ್ಲಾ. “ಇದು ನನ್ನ ಜೀವನ.”

“ಫೋನ್ ಮಾಡು ಈಗ್ಲೇ.”

ಡಾರ್ಲೀನ್‌ಳ ಮನೆಯ ನಂಬರು ಅವಳ ಬಳಿ ಇರಲಿಲ್ಲ. ಬದಲಿಯವರಿಗೆ ಯಾರು ಕೊಡುತ್ತಾರೆ? ಆ ರಾತ್ರಿಯೆಲ್ಲ ಅವಳು ಮಲಗಿದಲ್ಲೇ ಹೂಂ ಎನ್ನುವುದನ್ನು ಅಭ್ಯಾಸ ಮಾಡಿದಳು.

ಸೋಮವಾರ ಎಲ್ಲರಿಗಿಂತ ಮೊದಲೇ ಹೋಗಿ ಬಾಗಿಲಲ್ಲಿ ನಿಂತಳು. ಡಾರ್ಲೀನ್ ಕಾರಿನಿಂದ ಇಳಿಯುತ್ತಲೇ ಓರ್ಲಾ ಹೇಳಿದಳು: “ಡಾರ್ಲೀನ್, ಗುರುವಾರ ಕೇಳಿದ್ರಲ್ಲ, ಆ ಕೆಲಸ ನನಗೆ ಬೇಕು. ತುಂಬಾ ಬೇಕು.”

ಡಾರ್ಲೀನ್ ಕಾರಿನ ಬಾಗಿಲು ಹಿಡಿದೇ ನಿಂತಳು. “ಅಯ್ಯೋ ಓರ್ಲಾ. ನೀನೇ ಬೇಡ ಅಂದ್ಯಲ್ಲ! ಶುಕ್ರವಾರ ಸಂಜೆ ಕ್ರಿಸ್ಟಿನ್ ಅನ್ನೋ ಹುಡುಗಿ ಸಹಿ ಹಾಕಿದ್ಳು. ಇದ್ದ ಕೆಲಸ ಬಿಟ್ಟು ಬರ್ತಿದಾಳೆ. ಈಗ ಅವಳಿಗೆ ಹೇಗೆ ಇಲ್ಲ ಅನ್ನಲಿ?” ಆಮೇಲೆ ಪ್ರೀತಿಯಿಂದಲೇ ಕೇಳಿದಳು: “ಯಾಕೆ ಮನಸ್ಸು ಬದಲಾಯಿಸಿದೆ?”

ಮನಸ್ಸು ಯಾವತ್ತೂ ಬದಲಾಗಿರಲಿಲ್ಲ ಎಂದು ಹೇಗೆ ಹೇಳುವುದು? ಮಾನ ಹೋದಂತಾಗಿ ಓರ್ಲಾ, “ಸುಮ್ನೆ,” ಎಂದಳು.

ಆಮೇಲಿನ ನಾಲ್ಕು ವಾರ ಅವಳು ಪಟ್ಟ ಪಾಡು ನಾಯಿಗೂ ಬೇಡ. ಊಟದ ಬಿಡುವಿನಲ್ಲಿ ಅಂಗಡಿ, ಹೋಟೆಲು, ಗೋದಾಮುಗಳ ಬಾಗಿಲು ತಟ್ಟಿದಳು. ಕೇಳಿದ ಕೂಡಲೇ ಹೂಂ ಎನ್ನಲು ಈಗ ಬಾಯಿ ಸಿದ್ಧವಿತ್ತು, ಕೇಳುವವರಿರಲಿಲ್ಲ. ನಾಚಿಕೆ ಬಿಟ್ಟು ಗ್ವೆನ್ ಬಳಿ ಅತ್ತಳು. “ನಾಳೆಗೆ, ನಾಡಿದ್ದಿಗೆ ಅಂದ್ರೆ ಎಷ್ಟು ಬೇಕಾದ್ರೂ ಕೊಡ್ತೀನಿ ಕಣಮ್ಮಾ,” ಎಂದಳು ಗ್ವೆನ್, “ಕಾಗದ ಕೊಡೋರು ನನ್ನ ಹತ್ರ ಯಾರೂ ಇಲ್ಲ.” ಇದರ ನಡುವೆ ಕ್ರಿಸ್ಟಿನ್‌ಗೆ ಕೆಲಸ ಕಲಿಸುವುದೂ ಓರ್ಲಾಳ ಪಾಲಿಗೇ ಬಂತು. ಕ್ರಿಸ್ಟಿನ್ ಒಳ್ಳೆಯ ಹುಡುಗಿ. ಕೆಟ್ಟವಳಾಗಿದ್ದರೆ ದ್ವೇಷಿಸಿಯಾದರೂ ಸಮಾಧಾನ ಪಡಬಹುದಿತ್ತು.

ಕೊನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಒಂದು ಲಿಫ್ಟಿನಿಂದ ಕರೆ ಬಂತು. ಓರ್ಲಾ ಪಕ್ಕದಲ್ಲಿ ನಿಂತು ಲೋಟವನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಕ್ರಿಸ್ಟಿನ್ ಎತ್ತಿದಳು. ಏಳನೆಯ ಮಹಡಿ, ಒಬ್ಬರೇ ಮುದುಕರು, ದೀಪವೂ ಹೋಗಿದೆ, ಹೆಸರು ಡರ್ಕನ್.

“ಮೆಕ್ಯಾನಿಕ್ ಬರೋಕೆ ನಲವತ್ತು ನಿಮಿಷ ಆಗತ್ತೆ ಸಾರ್. ಅಲ್ಲೀವರೆಗೆ ನಾನು ಲೈನಲ್ಲಿ ಇರ್ಲಾ?”

ಸ್ಪೀಕರಿನಿಂದ ಮುದುಕನ ದನಿ ಬಂತು: “ಬೇಡಮ್ಮಾ, ಬೇಡ. ನಾನು ಆರಾಮಾಗಿದೀನಿ. ನೀನು ನಿನ್ನ ಕೆಲಸ ನೋಡ್ಕೋ.”

“ಸರಿ ಸಾರ್,” ಎಂದು ಕ್ರಿಸ್ಟಿನ್ ಇಟ್ಟುಬಿಟ್ಟಳು.

ಆ ದನಿ ಐರ್ಲೆಂಡಿನ ಮೇಯೋ ಜಿಲ್ಲೆಯದು. ಎಷ್ಟೋ ವರ್ಷದ ಟೊರಾಂಟೊ ಕೂಡ ಅದನ್ನು ಅಳಿಸಿರಲಿಲ್ಲ. ಓರ್ಲಾ ಮೇಜಿನ ಮೇಲೆ ಬಗ್ಗಿ ಫೋನ್ ಕಿತ್ತುಕೊಂಡು, ಸ್ಪೀಕರ್ ಆರಿಸದೆಯೇ, ಅದೇ ಲಿಫ್ಟಿಗೆ ಕರೆ ಹಚ್ಚಿದಳು. ಡಾರ್ಲೀನ್ ಬೀಳ್ಕೊಡುಗೆಯ ಕೇಕು ಹಿಡಿದು ಒಳಗೆ ಬಂದದ್ದು ಆಗಲೇ.

“ಮಿಸ್ಟರ್ ಡರ್ಕನ್, ನಾನು ಓರ್ಲಾ. ಸ್ವಲ್ಪ ಹೊತ್ತು ನಿಮ್ಮ ಜೊತೆ ಮಾತಾಡ್ತಾ ಇರ್ಲಾ?”

“ಅಯ್ಯೋ, ನಿನಗ್ಯಾಕಮ್ಮಾ ತೊಂದರೆ. ಬೇಡ.”

“ನನಗೇನೂ ಕೆಲಸ ಇಲ್ಲ. ಇರ್ತೀನಿ ಬಿಡಿ.”

“ನೀನು ಅಷ್ಟು ಹೇಳ್ತೀಯ ಅಂದ್ಮೇಲೆ… ಇರು ಮಗಳೇ. ಕತ್ತಲೆ ಇದೆ ಇಲ್ಲಿ. ಹೆದರಿಕೆ ಆಗ್ತಾ ಇದೆ ನನಗೆ.”

ಡಾರ್ಲೀನ್ ಕೇಕನ್ನು ಎಲ್ಲೋ ಒಂದು ಕಡೆ ಇಟ್ಟಳು. ಓರ್ಲಾ ಫೋನಿನ ಬಾಯಿಗೆ ಅಂಗೈ ಮುಚ್ಚಿ ತಲೆಯೆತ್ತಿದಳು.

“ಅವತ್ತು ನೀನು ಬೇಡ ಅಂದದ್ದೂ… ಇದೇನಾ?” ಎಂದಳು ಡಾರ್ಲೀನ್ ಮೆಲ್ಲಗೆ.

ಓರ್ಲಾ ಹೌದೆಂದು ತಲೆಯಾಡಿಸಿದಳು.

“ನಾನು ಇನ್ನೊಂದು ಸಲ ಕೇಳ್ಬೇಕಿತ್ತಾ?”

“ಎರಡು ಸಲ,” ಎಂದಳು ಓರ್ಲಾ.

ಕ್ರಿಸ್ಟಿನ್ ಏನೂ ಅರ್ಥವಾಗದೆ ಇಬ್ಬರ ಮುಖವನ್ನೂ ನೋಡಿದಳು. ಡಾರ್ಲೀನ್ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಅವಳಾದರೂ ಈಗ ಏನು ಮಾಡಬಲ್ಲಳು?

“ಇದೀಯಾ ಮಗಳೇ?” ಎಂದ ಮುದುಕ.

“ಇದೀನಿ.”

“ಮಾತು ಕೇಳಿದ್ರೆ ಲೀಟ್ರಿಮ್ ಕಡೆಯವಳು. ಹೌದಾ? ಊರಿಗೆ ಯಾವಾಗ ಹೋಗ್ತೀಯ?”

“ಇದೇ ಇಪ್ಪತ್ತೊಂಬತ್ತಕ್ಕೆ.”

“ನೋಡ್ಕೊಂಡು ಬರೋಕಾ?”

“ಇಲ್ಲ. ಪೂರ್ತಿ.”

“ಅಬ್ಬಾ!” ಕತ್ತಲೆಯ ಲಿಫ್ಟಿನೊಳಗೆ ಮುದುಕ ನಕ್ಕ. ಅವನ ಭಯ ಹಾರಿಹೋದಂತಿತ್ತು. “ಪುಣ್ಯ ಮಾಡಿದೀಯ ಕಣಮ್ಮಾ. ನಾನು ಬಂದು ಐವತ್ತೆರಡು ವರ್ಷ. ಮುಂದಿನ ವರ್ಷ, ಮುಂದಿನ ವರ್ಷ ಅಂತ ಇದ್ದೆ, ಆಗಲೇ ಇಲ್ಲ. ನಿನಗೆ ಖುಷಿಯಾಗಿರಬೇಕಲ್ಲ?”

ಒಂದೇ ಸಲ ಕೇಳಿದ್ದ.

“ಹೂಂ,” ಎಂದಳು ಓರ್ಲಾ. “ತುಂಬಾ ಖುಷಿ.”

“ಎಲ್ಲಾ ಹೇಳು ನೋಡೋಣ,” ಎಂದ ಮುದುಕ. “ಹೋದ ತಕ್ಷಣ ಏನೇನು ಮಾಡ್ತೀಯ?”

ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳದೆ, ದನಿ ಮಾತ್ರ ನಗುವಂತೆ ನೋಡಿಕೊಳ್ಳುತ್ತ, ಅವಳು ಹೇಳತೊಡಗಿದಳು. “ಮೊದಲು ಅಂಗಡಿಗೆ ಹೋಗಿ ಹಾಲು ತರ್ತೀನಿ.”

ಮೆಕ್ಯಾನಿಕ್ ಬರಲು ಇನ್ನೂ ಅರ್ಧ ಗಂಟೆಯಿತ್ತು.