ಕಟ್ಟೆಯ ಮೇಲೆ ಒಂದು ತಾಸು

ಮೂರು ದಿನದಿಂದ ಸಂಜೆ ಐದಾಯಿತೆಂದರೆ ನಮ್ಮ ಮನೆಯ ಕಟ್ಟೆಯ ಮೇಲೆ ಯಾರೋ ಬಂದು ಕೂರುತ್ತಾರೆ. ಬಾಗಿಲು ಬಡಿಯುವುದಿಲ್ಲ, ಕರೆಯುವುದೂ ಇಲ್ಲ. ಕಿಟಕಿಯಿಂದ ಬೀಡಿಯ ವಾಸನೆ ಮಾತ್ರ ಒಳಗೆ ಬರುತ್ತದೆ. ಒಂದು ತಾಸಾದ ಮೇಲೆ ಎದ್ದು ಹೋಗುತ್ತಾರೆ. ಹೆಂಡತಿ ತೀರಿಕೊಂಡು ನಾಲ್ಕು ತಿಂಗಳಾಯಿತು; ಅಂದಿನಿಂದ ನಾನು ಹೊಸ್ತಿಲು ದಾಟಿದ್ದು ಕಡಿಮೆ. ಈ ಕೂರುವಿಕೆ ಏನೆಂದು ನನಗೆ ಚೆನ್ನಾಗಿ ಗೊತ್ತು. ಆ ನಿಯಮವನ್ನು ಬರೆದವನು ನಾನೇ.

ಎಂಟು ವರ್ಷದ ಹಿಂದಿನ ಮಾತು. ಇಳಕಲ್ಲಿನ ನಮ್ಮ ಓಣಿಯ ಮೌಲಾಸಾಬರು ಫೌಜಿನಲ್ಲಿ ಸುಬೇದಾರರಾಗಿ ನಿವೃತ್ತರಾಗಿ ಬಂದು, ಮಾಜಿ ಸೈನಿಕರಿಗೂ ಹುಡುಗರಿಗೂ ಸೇರಿಸಿ ಒಂದು ಸಂಘ ಕಟ್ಟುತ್ತೇನೆಂದರು. ಆಗಿನ್ನೂ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ನನ್ನ ಪಾಲಿಗೆ ಸಂಘದ ನಿಯಮಾವಳಿ, ಅಂದರೆ ಬೈಲಾ, ಬರೆಯುವ ಕೆಲಸ ಬಂತು. ಸಿಕ್ಕಿದ್ದೇ ಅವಕಾಶವೆಂದು ಧ್ಯೇಯ, ಉದ್ದೇಶ, ಸರ್ವಾಂಗೀಣ ವಿಕಾಸ ಎಂದೆಲ್ಲ ಒಂಬತ್ತು ಪುಟ ತುಂಬಿಸಿದೆ. ಸಾಹೇಬರು ಪೂರ್ತಿ ಓದಿ ಕನ್ನಡಕ ತೆಗೆದಿಟ್ಟರು.

“ಭಾಳ ಛಲೋ ಬರದೀರಿ ಮಾಸ್ತರ. ಆದ್ರ ನಂದು ಇಷ್ಟ ಐತ್ರಿ. ಫೌಜಿನ ಭರ್ತಿಗೆ ಹೋಗಿ ನಪಾಸಾದ ಹುಡುಗ ನಾಚಿ ಮನ್ಯಾಗ ಕುಂದರ್ತಾನ. ಲಡಾಯಿ ನೋಡಿ ಬಂದಾವನೂ ಮನ್ಯಾಗ ಕುಂದರ್ತಾನ. ಇಬ್ಬರನ್ನೂ ಹೊರಗ ತರಬೇಕು.”

“ಹೆಂಗ ತರ್ತೀರಿ?”

“ಬಾಗಲಾ ಬಡೀಬಾರದು, ಬುದ್ಧಿ ಹೇಳಬಾರದು. ದಿನಾ ಹೋಗಿ ಕಟ್ಟಿ ಮ್ಯಾಲ ಒಂದ್ ತಾಸ ಕುಂತು ಬರಬೇಕು. ಇದನ್ನ ಬರೀರಿ.”

ಬಾಗಲಕೋಟೆಯ ನೋಂದಣಿ ಕಚೇರಿಯಲ್ಲಿ ಇದನ್ನು ಓದಿ ಏನೆಂದಾರು, ನೀವೇ ಹೇಳಿ. ಒಳಗೊಳಗೇ ನಕ್ಕು ಬರೆದೆ.

ನೋಂದಣಿಗೆ ಏಳು ಸಹಿ ಬೇಕಿತ್ತು. ಆರಾದವು. ಏಳನೆಯದು ನನ್ನದೇ ಎಂದು ಪೆನ್ನು ತೆಗೆದರೆ ಸಾಹೇಬರು ಕಾಗದ ಎಳೆದುಕೊಂಡರು.

“ಬ್ಯಾಡ್ರಿ. ಅದು ಬಸಪ್ಪನ ಜಾಗಾ. ನೀವು ಹೆಂಗೂ ಮನಿ ಹೊರಗ ಅದೀರಿ.”

ಬಸಪ್ಪ ಅವರ ಪಲ್ಟನ್ನಿನವನೇ, ಹುನಗುಂದದವನು. ಜೊತೆಗಾರ ತನ್ನ ಮಗ್ಗುಲಲ್ಲೇ ಸತ್ತದ್ದನ್ನು ಕಂಡು ಊರಿಗೆ ಬಂದವನು ಎರಡು ವರ್ಷದಿಂದ ಮನೆಯ ಹೊರಗೆ ಕಾಲಿಟ್ಟಿರಲಿಲ್ಲ. ನನಗೆ ಸಿಟ್ಟು ಬಂತು. ಒಂಬತ್ತು ಪುಟ ಬರೆದವನಿಗೆ ಇಲ್ಲದ ಜಾಗ ಬಾಗಿಲು ತೆರೆಯದವನಿಗೆ.

ಸಾಹೇಬರು ದಿನಾ ಬಸ್ಸು ಹತ್ತಿ ಹೋಗಿ ಆ ಕಟ್ಟೆಯ ಮೇಲೆ ಕೂತು ಬರುತ್ತಿದ್ದರು. ಅರ್ಜಿ ಐದು ತಿಂಗಳು ನನ್ನ ಮೇಜಿನ ಮೇಲೇ ಬಿದ್ದಿತ್ತು.

“ಅಂವ ಬರಲಿಲ್ಲಂದ್ರ?” ಎಂದು ಕೇಳಿದೆ.

“ಸಂಘ ಆಗಂಗಿಲ್ರಿ,” ಎಂದರು.

ಒಂದು ದಿನ ಅವರಿಗೆ ಜ್ವರ. ಬೇಡವೆಂದರೂ ಕೇಳದೆ ಹೊರಟಾಗ ನಾನೂ ಅರ್ಜಿಯನ್ನು ಚೀಲಕ್ಕೆ ಹಾಕಿಕೊಂಡು ಜೊತೆಗೆ ಹೋದೆ. ಕಟ್ಟೆಯ ಮೇಲೆ ಶಾಲು ಹೊದ್ದು ನಡುಗುತ್ತ ಕೂತರು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಬಸಪ್ಪ ಚಹಾ ತಂದು ಅವರ ಕೈಗಿಟ್ಟು ಪಕ್ಕದಲ್ಲಿ ಕೂತ. ಕಪ್ಪು ಖಾಲಿಯಾದ ಮೇಲೆ, “ನಿಮ್ಮ ಸಂಘದ ಸಹಿ ಮಾತು ನಮ್ಮವ್ವ ಹೇಳ್ಯಾಳ್ರಿ. ಎಲ್ಲಿ ಸಹಿ ಮಾಡ್ಬೇಕ್ರಿ ಸಾಹೇಬ್ರ?” ಎಂದ. ಅವನ ಸಹಿ ಗೆರೆಯಿಂದ ಕೆಳಗಿಳಿಯಿತು. ನನ್ನ ಸಿಟ್ಟು ನೆನೆದು ನಾಚಿಕೆಯಾಯಿತು.

ಮೌಲಾಸಾಬರು ಹೋದ ವರ್ಷ ತೀರಿಕೊಂಡರು. ಸಂಘ ನಡೆದಿದೆ; ನಾನೇ ಅತ್ತ ಹೋಗುವುದನ್ನು ಬಿಟ್ಟೆ.

ಇವತ್ತು ಪರದೆ ಸರಿಸಿ ನೋಡಿದೆ. ಬಸಪ್ಪ. ತಲೆಗೂದಲು ಬೆಳ್ಳಗಾಗಿದೆ. ನಾನು ಸೈನಿಕನಲ್ಲ, ಹುಡುಗನೂ ಅಲ್ಲ. ಬೈಲಾ ಪ್ರಕಾರ ಅವನು ನನ್ನ ಕಟ್ಟೆಗೆ ಬರಬೇಕಾಗಿಲ್ಲ. ಆದರೂ ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟು ಕೂತಿದ್ದಾನೆ.

ಅಡುಗೆಮನೆಗೆ ಹೋಗಿ ಒಲೆ ಹಚ್ಚಿದೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ಚಹಾಕ್ಕೆ ಇಬ್ಬರ ಅಳತೆಯ ನೀರಿಟ್ಟೆ.